ಯಾರನ್ನು ಹೊರಗೆ ನಿಲ್ಲಿಸುವುದು

"ಅಜ್ಜೀ, ಮೀನಿನ ಚಿತ್ರ ಹಾಕು" ಎಂದು ಲೆಂಪಿ ಗೋಗರೆಯುತ್ತಿದ್ದಂತೆಯೇ ಹಿಲ್ಕಾ ಬೇರೊಂದು ಕ್ಯಾಸೆಟ್ಟನ್ನು ಯಂತ್ರದ ಬಾಯಿಗೆ ತಳ್ಳಿಬಿಟ್ಟಳು.

"ಮೀನಿಂದು ಬೇಡ. ಇವತ್ತು ಇದು. ನಿಮ್ಮಮ್ಮ ಚಿಕ್ಕವಳಿದ್ದಾಗ ಇದನ್ನೇ ನೋಡ್ತಿದ್ದಿದ್ದು."

ಮಾತು ಮಕ್ಕಳಿಗೆ ಹೇಳಿದ್ದಾದರೂ ಹೋಗಿ ತಗುಲಬೇಕಾಗಿದ್ದದ್ದು ಬಾಗಿಲ ಬಳಿ ಬೂಟು ಕಳಚುತ್ತಿದ್ದ ರೀಕಾಳಿಗೆ. ರೀಕಾ ತಲೆ ಎತ್ತಲಿಲ್ಲ. ಬೂಟಿನ ಹಿಮವನ್ನು ಹೊಸಿಲಾಚೆ ಕೊಡವಿ, ಗೋಡೆಗೆ ಸಾಲಾಗಿ ಇಟ್ಟಳು. ಎಷ್ಟು ಒಪ್ಪವಾಗಿ ಇಟ್ಟಳೆಂದರೆ ಹಿಲ್ಕಾಳಿಗೆ ಅದರಲ್ಲೂ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಮೊಮ್ಮಕ್ಕಳು ಅಜ್ಜಿಯ ಮನೆಗೆ ಬರುವುದು, ಅಳಿಯನ ಎರಡನೆಯ ಹೆಂಡತಿ ರೀಕಾ ಅವರನ್ನು ಗೇಟಿನ ಬಳಿ ಕಾರಿನಿಂದ ಇಳಿಸಿ ಹೋಗುವುದು, ಇದು ನಡೆದುಕೊಂಡು ಬಂದ ಪದ್ಧತಿ. ಅಳಿಯ ತಾಪಿಯೊ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದ. ಇವತ್ತು ಚಿಕ್ಕವಳು ಪಿಹ್ಲಾ ರೀಕಾಳ ಕೈಗವಸು ಹಿಡಿದು ಎಳೆದುಕೊಂಡೇ ಒಳಗೆ ಬಂದಿದ್ದಳು. "ಇವಳೂ ಚಿತ್ರ ನೋಡ್ಲಿ ಅಜ್ಜಿ, ಇವಳೊಬ್ಬಳೇ ಇಲ್ಲಿ ನೋಡೇ ಇಲ್ಲ" ಎಂದಿದ್ದಳು. ಹೊಸಿಲವರೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಹಿಲ್ಕಾಳ ವಂಶದಲ್ಲೇ ಇರಲಿಲ್ಲ. ಕೊಟ್ಟಳು, ಕಿವಿ ಮುರಿದ ಬಟ್ಟಲಿನಲ್ಲಿ, ತಟ್ಟೆಯಿಲ್ಲದೆ.

ಹಿಲ್ಕಾಳ ಮಗಳು ಕೈಸಾ ಸತ್ತಾಗ ಪಿಹ್ಲಾಳಿಗೆ ಹಲ್ಲು ಬಂದಿರಲಿಲ್ಲ. ಈಗ ಅವಳಿಗೆ ಐದು. ಕಳೆದ ವಾರ ಹಿಲ್ಕಾ ಫೋನು ಮಾಡಿದಾಗ ಅವಳೇ ಎತ್ತಿಕೊಂಡಿದ್ದಳು. ಎತ್ತಿಕೊಂಡವಳು ಅಡುಗೆಮನೆಯ ಕಡೆ ತಿರುಗಿ ಕೂಗಿದ್ದು ಹಿಲ್ಕಾಳ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು: "ಅಮ್ಮಾ, ಅಜ್ಜಿ ಫೋನು!" ಹಿಲ್ಕಾ ತಟ್ಟನೆ ಫೋನು ಇಟ್ಟುಬಿಟ್ಟಿದ್ದಳು. ಆ ವಾರವೆಲ್ಲ ಹಿಮ ತೆಗೆಯುವಾಗ, ಮೀನು ಹೆಚ್ಚುವಾಗ, ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುವಾಗ ಅದೊಂದೇ ಮಾತು. ತನ್ನ ಮಗಳಿಗೆ ಸೇರಿದ ಅಮ್ಮ ಎಂಬ ಹೆಸರಿನ ಮೇಲೆ ಇನ್ನೊಬ್ಬಳು ಬಂದು ಕೂತಿದ್ದಳು. ಎಬ್ಬಿಸಲೇಬೇಕಿತ್ತು. ಕೊನೆಗೆ ಅಟ್ಟ ಹತ್ತಿ ಈ ಕ್ಯಾಸೆಟ್ಟು ಹುಡುಕಿ ತಂದಿದ್ದಳು.

ಹಳೆಯ ಚಿತ್ರ. ಬಣ್ಣ ಅಲ್ಲಲ್ಲಿ ಇಳಿದು, ಹಿಮವೆಲ್ಲ ಹಳದಿಯಾಗಿತ್ತು. ತಾಯಿ ಸತ್ತ ಹುಡುಗಿ, ನಗುನಗುತ್ತ ಬರುವ ಮಲತಾಯಿ, ಅವಳ ಅಂಗಿಯ ನೆಲ ಗುಡಿಸುವಷ್ಟು ಉದ್ದದ ಹಸಿರು ತೋಳು. ಹೆಪ್ಪುಗಟ್ಟಿದ ಸರೋವರದ ಆಚೆ ದಡದಿಂದ ಬೆಂಕಿ ತಾ ಎಂದು ಹುಡುಗಿಯನ್ನು ಅವಳು ಬರಿಗಾಲಲ್ಲಿ ಅಟ್ಟುತ್ತಾಳೆ. ಎಲ್ಲ ಮುಗಿಯಿತು ಎನ್ನುವಾಗ ಸತ್ತ ತಾಯಿ ಬಿಳಿ ಹಿಮಸಾರಂಗವಾಗಿ ಬಂದು ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡುತ್ತಾಳೆ. ಬೆನ್ನಟ್ಟಿದ ಮಲತಾಯಿ ಮಂಜುಗಡ್ಡೆ ಒಡೆದು ಕೆಳಗೆ ಹೋಗುತ್ತಾಳೆ.

"ನೋಡು ಪಿಹ್ಲಾ, ಹೇಗೆ ನಗ್ತಾಳೆ ನೋಡು. ಹೊಸದಾಗಿ ಬಂದೋರು ಮೊದಮೊದಲು ಹಾಗೇ" ಎಂದಳು ಹಿಲ್ಕಾ.

"ಹಲ್ಲು ಚೆನ್ನಾಗಿದೆ" ಎಂದಳು ಪಿಹ್ಲಾ.

"ಮಗೂಗೆ ಸಕ್ಕರೆ ಕೊಡ್ತಿದಾಳೆ. ಯಾಕೆ ಕೊಡ್ತಾಳೆ ಹೇಳು? ಬಾಯಿ ಮುಚ್ಚಿಸೋಕೆ."

ಸೋಫಾದ ತುದಿಯಲ್ಲಿ ಕೂತಿದ್ದ ರೀಕಾ ಬಟ್ಟಲನ್ನು ಮೊಣಕಾಲ ಮೇಲಿಟ್ಟುಕೊಂಡು, ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಅಪ್ಪ ಅನ್ನಿಸಿಕೊಂಡೋನು ಎಲ್ಲಿ?"

"ಒಲೆ ಮೇಲಿನ ಬೆಚ್ಚನೆ ಕಟ್ಟೇಲಿ ಮಲಗಿದಾನೆ" ಎಂದಳು ಒಂಬತ್ತರ ಲೆಂಪಿ.

"ಆಗ್ಲಿಂದ ಮಲಗೇ ಇದಾನೆ. ಹುಡುಗಿ ಬರಿಗಾಲಲ್ಲಿ ಹೋದ್ಲು, ಅವನು ಗೊರಕೆ ಹೊಡೀತಾನೆ" ಎಂದಳು ರೀಕಾ.

"ನಮ್ಮಪ್ಪನ ಥರ!" ಎಂದು ಲೆಂಪಿ ಕಿಸಕ್ಕನೆ ನಕ್ಕಳು. ಪಿಹ್ಲಾ ಮೂಗಿನಲ್ಲಿ ಗೊರಕೆ ಸದ್ದು ಮಾಡಿ ತೋರಿಸಿದಳು. ಹಿಲ್ಕಾ ನಗಲಿಲ್ಲ.

"ಗಂಡಸಿನ ತಲೆ ಕೆಡಿಸಿದ್ಯಾರು ಅನ್ನೋದನ್ನೂ ನೋಡಬೇಕು ಕಣಮ್ಮ."

"ನೋಡ್ತಾನೇ ಇದೀನಿ" ಎಂದಳು ರೀಕಾ.

ಮಲತಾಯಿಯ ಹಸಿರು ತೋಳು ನೀರಿನಲ್ಲಿ ಮುಳುಗುವಾಗ ಹಿಲ್ಕಾ ಪರದೆಯನ್ನು ನೋಡಲಿಲ್ಲ. ಪಿಹ್ಲಾಳ ಮುಖವನ್ನೇ ನೋಡುತ್ತಿದ್ದಳು. ಹುಡುಗಿಯ ತುಟಿ ಬಿಗಿದಿತ್ತು.

ಚಿತ್ರ ಮುಗಿದ ಮೇಲೆ ಪಂಚಾಯಿತಿ. ಹಬೆಸ್ನಾನದ ಸೌನಾ ಕೋಣೆಯಲ್ಲಿ ಕಲ್ಲೊಲೆ ಕಾಯುವಷ್ಟು ಹೊತ್ತು ಚಿತ್ರ ನೋಡುವುದು, ಆಮೇಲೆ ಚಿತ್ರದಲ್ಲಿದ್ದವರಲ್ಲಿ ಯಾರನ್ನು ನಮ್ಮ ಸೌನಾದ ಒಳಗೆ ಕರೆಯುವುದು, ಯಾರನ್ನು ಹೊರಗೆ ಹಿಮದಲ್ಲಿ ನಿಲ್ಲಿಸುವುದು ಎಂದು ತೀರ್ಮಾನ ಹೇಳುವುದು. ಒಂದು ಸಲ ಹೇಳಿದ ತೀರ್ಪನ್ನು ಬದಲಾಯಿಸುವಂತಿಲ್ಲ. ಕೈಸಾಳ ಜೊತೆ ಹಿಲ್ಕಾಳೇ ಶುರು ಮಾಡಿದ ಆಟ ಅದು. ಕೈಸಾ ರಾಜರನ್ನೆಲ್ಲ ಹೊರಗೇ ನಿಲ್ಲಿಸುತ್ತಿದ್ದಳು, ಕಿರೀಟ ಕಾದು ತಲೆ ಸುಡುತ್ತದೆ ಎಂದು.

"ಲೆಂಪಿ, ನೀನು ಹೇಳು."

"ಮಲತಾಯಿ ಹೊರಗೆ" ಎಂದಳು ಲೆಂಪಿ. ಹೇಳಿ ಅಜ್ಜಿಯ ಮುಖ ನೋಡಿದಳು, ಆಮೇಲೆ ರೀಕಾಳ ಕಾಲ ಬೆರಳುಗಳನ್ನು ನೋಡಿದಳು. "ಅಂದ್ರೆ... ಚಿತ್ರದವಳು."

"ಚಿತ್ರದವಳೇ ಮತ್ತೆ. ಇನ್ಯಾರು?" ಹಿಲ್ಕಾ ಚಿಕ್ಕವಳ ಕಡೆ ತಿರುಗಿದಳು. "ಪಿಹ್ಲಾ?"

"ಮಲತಾಯಿ ಅಂದ್ರೆ ಏನಜ್ಜಿ?"

ಇದೇ ಪ್ರಶ್ನೆಗಾಗಿ ಹಿಲ್ಕಾ ಕಾದಿದ್ದಳು. "ಅಮ್ಮ ಸತ್ತ ಮೇಲೆ ಅಪ್ಪ ಒಬ್ಬಳನ್ನ ಮನೆಗೆ ಕರಕೊಂಡು ಬರ್ತಾನಲ್ಲ, ಅವಳು. ಅವಳು ಅಮ್ಮ ಅಲ್ಲ. ಎಷ್ಟು ಸಕ್ಕರೆ ಕೊಟ್ರೂ ಅಲ್ಲ. ಅಮ್ಮ ಅಂದ್ರೆ ಆ ಬಿಳಿ ಸಾರಂಗ."

ರೀಕಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಸದ್ದಾಗದಂತೆ ಇಟ್ಟಳು. ಅವಳ ಕತ್ತು ಕೆಂಪೇರಿದ್ದನ್ನು ಕಂಡು ಹಿಲ್ಕಾಳ ಎದೆ ತಣ್ಣಗಾಯಿತು.

ಪಿಹ್ಲಾ ಕಾಲುಚೀಲದ ತುದಿ ಎಳೆದಳು, ಬಿಟ್ಟಳು.

"ಹಂಗಾದ್ರೆ ಸಾರಂಗ ಹೊರಗೆ."

"ಅಯ್ಯೋ ಪೆದ್ದಿ, ಅದು ಅವಳಮ್ಮ ಕಣೆ!" ಎಂದಳು ಲೆಂಪಿ.

"ಗೊತ್ತು. ಅದಕ್ಕೇ. ಅವಳಿಗೆ ಬರೋಕಾಗ್ತಿತ್ತು, ಆದ್ರೂ ಕೊನೇವರೆಗೂ ಬರ್ಲಿಲ್ಲ. ಹುಡುಗಿ ಕಾಲು ನೀಲಿ ಆದ್ಮೇಲೆ ಬಂದ್ಲು." ಪಿಹ್ಲಾಳ ದನಿ ಏರುತ್ತ ಹೋಯಿತು. "ನಮ್ಮಮ್ಮ ಅಂತೂ ಬರ್ಲೇ ಇಲ್ಲ. ನಂಗೆ ಕಿವಿ ನೋವು ಬಂದಾಗ್ಲೂ ಬರ್ಲಿಲ್ಲ. ಇಬ್ರೂ ಹೊರಗೆ."

ಹಿಲ್ಕಾ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಮಗುವಿನ ತೋಳು ಅವಳ ಮುಷ್ಟಿಯಲ್ಲಿತ್ತು. "ಏನಂದೆ? ಇನ್ನೊಂದ್ಸಲ ಅನ್ನು! ನಿಮ್ಮಮ್ಮನ್ನ ಹಿಮದಲ್ಲಿ ನಿಲ್ಲಿಸ್ತೀಯಾ? ಯಾರು ಹೇಳಿಕೊಟ್ಟಿದ್ದು ನಿಂಗೆ ಇದನ್ನ?"

"ಕೈ ಬಿಡಿ" ಎಂದಳು ರೀಕಾ.

"ಇದು ನನ್ನ ಮನೆ."

"ಮನೆ ನಿಮ್ದು. ತೋಳು ಅವಳದು. ಬಿಡಿ."

ಹಿಲ್ಕಾ ಬಿಟ್ಟಳು. ಪಿಹ್ಲಾ ಅತ್ತಳು, ಆದರೆ ರೀಕಾಳ ಬಳಿಗೂ ಹೋಗಲಿಲ್ಲ. ಹಸಿರು ತೋಳು ನೆನಪಾಯಿತೋ ಏನೋ, ರೀಕಾ ಕೈ ಚಾಚಿದಾಗ ಹಿಂದೆ ಸರಿದು ಕಿಟಕಿಯ ಪರದೆಯೊಳಗೆ ಸುತ್ತಿಕೊಂಡಳು. ಹಿಲ್ಕಾಳಿಗೆ ಬೇಕಾಗಿದ್ದದ್ದು ಇದೇ. ಈಗ ಅದು ಕಣ್ಣೆದುರಿಗೆ, ಪರದೆಯೊಳಗೆ ಬಿಕ್ಕಳಿಸುತ್ತ ನಿಂತಿತ್ತು.

ರೀಕಾ ಪರದೆಯನ್ನು ಮುಟ್ಟಲಿಲ್ಲ. ಅಷ್ಟು ದೂರದಲ್ಲೇ ನೆಲದ ಮೇಲೆ ಕೂತಳು.

"ಪಿಹ್ಲಾ, ಕೇಳಿಲ್ಲಿ. ಸತ್ತೋರಿಗೆ ಬರೋಕಾಗಲ್ಲ. ಸಾರಂಗ ಆಗೋಕೂ ಆಗಲ್ಲ. ಈ ಚಿತ್ರ ಮಾಡಿದೋರು ಸುಳ್ಳು ಹೇಳಿದಾರೆ. ಆಗೋ ಹಾಗಿದ್ರೆ ನಿಮ್ಮಮ್ಮ ಯಾವಾಗ್ಲೋ ಬರ್ತಿದ್ಲು, ಬೂಟೂ ಹಾಕ್ಕೊಳ್ದೆ ಓಡಿ ಬರ್ತಿದ್ಲು. ಆಗ ನಾನು ನಿಮ್ಮನೇಲಿ ಇರ್ತಾನೇ ಇರ್ಲಿಲ್ಲ."

ಪರದೆಯೊಳಗಿಂದ ಪಿಹ್ಲಾ ಕೇಳಿದಳು, "ಸುಳ್ಳಾ ಅಜ್ಜಿ?"

ಲೆಂಪಿ ಅಜ್ಜಿಯನ್ನು ನೋಡಿದಳು. ರೀಕಾಳೂ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಹೇಳಿ ನೋಡೋಣ ಎಂಬ ಸವಾಲಿತ್ತು. ಕೈಸಾ ತೀರಿಕೊಂಡ ವರ್ಷ ಹಿಲ್ಕಾ ಕಾಡಿನಂಚಿನಲ್ಲಿ ಸಾರಂಗದ ಹೆಜ್ಜೆ ಗುರುತು ಕಂಡಾಗೆಲ್ಲ ನಿಂತು ನೋಡುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಸುಳ್ಳು" ಎಂದಳು. ಮೀನಿನ ಮುಳ್ಳು ಗಂಟಲಿಂದ ಕಿತ್ತು ತೆಗೆದ ಹಾಗಿತ್ತು. "ಸತ್ತೋರು ಬರಲ್ಲ."

ಆಮೇಲೆ, ಅದೇ ದನಿಯಲ್ಲಿ, ರೀಕಾಳ ಕಡೆ ನೋಡದೆ ಹೇಳಿದಳು. "ಒಲೆ ಕಾದಿದೆ. ಧೈರ್ಯ ಇದ್ರೆ ನೀನೂ ಬಾ."

ಮಕ್ಕಳ ಸರದಿ ಬೇಗ ಮುಗಿಯಿತು. ಅವರು ಟವೆಲು ಸುತ್ತಿಕೊಂಡು ಹೊರ ಕೋಣೆಯಲ್ಲಿ ಸಾಸೇಜು ತಿನ್ನಲು ಕೂತ ಮೇಲೆ ಒಳಗೆ ಕಾವು ಹೆಚ್ಚಿರುವ ಮೇಲಿನ ಹಲಗೆಯ ಮೇಲೆ ಹೆಂಗಸರಿಬ್ಬರೇ ಉಳಿದರು. ನೀರೆರಚುವ ಸೌಟು ಮನೆಯ ಹಿರಿಯಳ ಕೈಯಲ್ಲಿರುತ್ತದೆ. ಹಿಲ್ಕಾ ಒಂದು ಸೌಟು ಎರಚಿದಳು. ಕಲ್ಲು ಚುಂಯ್ ಎಂದಿತು, ಹಬೆ ಕಿವಿಯನ್ನು ಕಚ್ಚಿತು. ಇನ್ನೊಂದು ಎರಚಿದಳು. ಯಾರು ಮೊದಲು ಕೆಳಗಿನ ಹಲಗೆಗೆ ಇಳಿಯುತ್ತಾರೋ ಅವರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ, ಆದರೆ ಎಲ್ಲರಿಗೂ ನೆನಪಿರುತ್ತದೆ.

"ನಿಮ್ಮ ಕಡೆ ಎಲ್ಲ ಕರೆಂಟಿನ ಒಲೆ ಅಂತೆ" ಎಂದಳು ಹಿಲ್ಕಾ.

"ನಮ್ಮಜ್ಜಿ ಸೌದೆ ಹೊಗೆಯ ಸೌನಾದಲ್ಲೇ ಹುಟ್ಟಿದ್ದು. ಹಾಕಿ, ಇನ್ನೂ ಕಾವೇ ಹತ್ತಿಲ್ಲ."

ಹಿಲ್ಕಾ ಹಾಕಿದಳು. ಮೂಗಿನ ಒಳಗೆ ಉರಿಯಿತು. ರೀಕಾ ಮೊಣಕೈಗಳನ್ನು ಮೊಣಕಾಲಿಗೆ ಊರಿ, ತಲೆ ತಗ್ಗಿಸಿ ಕೂತಿದ್ದಳು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಬೆವರೋ ಇನ್ನೇನೋ ಆ ಕತ್ತಲಲ್ಲಿ ತಿಳಿಯುವಂತಿರಲಿಲ್ಲ.

"ಕಿವಿ ನೋವು ಅಂದ್ಲು. ಯಾವಾಗ?"

"ಸರೋವರ ಹೆಪ್ಪುಗಟ್ಟೋ ಹೊತ್ತಿಗೆ. ಬೆಳಗಾಗೋವರೆಗೂ ನನ್ನ ಹೆಗಲ ಮೇಲೇ ಇದ್ಲು."

"ನನಗ್ಯಾರೂ ಹೇಳಲಿಲ್ಲ."

"ನೀವು ಕೇಳಲಿಲ್ಲ. ಫೋನ್ ಮಾಡಿದಾಗೆಲ್ಲ ಗೋರಿ ಮೇಲೆ ದೀಪ ಹಚ್ಚಿದ್ರಾ ಅಂತ ಕೇಳ್ತೀರಿ. ಹಚ್ಚಿದೀವಿ. ಪ್ರತಿ ಸಲಾನೂ ನಾನೇ ಹಚ್ಚೋದು. ತಾಪಿಯೊ ಕಾರಿಂದ ಇಳಿಯಲ್ಲ."

ಹಿಲ್ಕಾ ಸೌಟನ್ನು ಬಕೆಟ್ಟಿನಲ್ಲಿ ಅದ್ದಿದಳು. ಎರಚಲಿಲ್ಲ. ಸೌಟಿನಿಂದ ನೀರು ಮತ್ತೆ ಬಕೆಟ್ಟಿಗೇ ಸುರಿಯಿತು.

"ಹಾಗಂತ ನಿನ್ನನ್ನ ಮೆಚ್ಚಿಬಿಡ್ತೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ. ನಾನೂ ನಿಮ್ಮನ್ನ ಮೆಚ್ಚಿಲ್ಲ."

ಹೊರ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಲೆಂಪಿಯ ಬೈಗುಳ. ಆಮೇಲೆ ಬಾಗಿಲಿನ ಆಚೆಯಿಂದ ಪಿಹ್ಲಾಳ ದನಿ, ಇನ್ನೂ ಅಳು ಆರದ ದನಿ.

"ಅಮ್ಮಾ."

ರೀಕಾ ಅಲುಗಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಹಲಗೆಯ ಅಂಚನ್ನು ಹಿಡಿದ ಅವಳ ಬೆರಳು ಬಿಗಿಯಾದದ್ದು ಮಾತ್ರ ಕಾಣುತ್ತಿತ್ತು.

"ಅಮ್ಮಾ, ಹಾಲು ಚೆಲ್ಲೋಯ್ತು."

ಕಲ್ಲುಗಳು ಟಿಕ್ ಟಿಕ್ ಎನ್ನುತ್ತಿದ್ದವು. ಹಿಲ್ಕಾ ಎದುರಿನ ಗೋಡೆಯ ಮರದ ಗಂಟನ್ನು ನೋಡುತ್ತ ಕೂತಳು. ಮಗು ಮೂರನೆಯ ಸಲ ಕೂಗುತ್ತದೆ ಎಂದು ಕಾದಳು. ಕೂಗಲಿಲ್ಲ.

"ಕಿವುಡಾ ನಿಂಗೆ? ಕರೀತಿದಾಳೆ, ಹೋಗು" ಎಂದಳು.

ರೀಕಾ ಇಳಿದಳು. ಬಾಗಿಲು ತೆರೆದಾಗ ತಣ್ಣನೆಯ ಗಾಳಿ ನೆಲದ ಮೇಲೆ ಹರಿದು ಬಂದು ಹಿಲ್ಕಾಳ ಕಾಲಿಗೆ ತಗುಲಿತು. ಬಾಗಿಲು ಮುಚ್ಚಿತು. ಹೊರಗೆ ಒರೆಸುವ ಬಟ್ಟೆ ಎಲ್ಲಿದೆ ಎಂದು ಯಾರೋ ಕೇಳಿದರು, ಯಾರೋ ಹೇಳಿದರು.

ಮೇಲಿನ ಹಲಗೆಯಲ್ಲಿ ರೀಕಾ ಕೂತಿದ್ದ ಜಾಗ ಒದ್ದೆಯಾಗಿತ್ತು. ಕಾವಿಗೆ ಆ ಒದ್ದೆ ಗುರುತು ಅಂಚಿನಿಂದ ಒಳಕ್ಕೆ ನಿಧಾನವಾಗಿ ಒಣಗುತ್ತ ಬರುತ್ತಿತ್ತು. ಹಿಲ್ಕಾ ಅದನ್ನೇ ನೋಡುತ್ತ ಕೂತಳು, ಸೌಟು ಅವಳ ತೊಡೆಯ ಮೇಲಿತ್ತು.