ಆ ಗುಲಾಬಿ ಪುಡಿಯಲ್ಲಿ ಏನಿತ್ತು?

ಕಾಗವಾಡದ ರಾಜಮತಿಗೆ ಮಗನ ಮೇಲೆ ಭಾರಿ ಭರವಸೆ. ಬೇರೆಯವರ ಮಕ್ಕಳು ಮದುವೆಯ ಹಳದಿ ಶಾಸ್ತ್ರಕ್ಕೆ ಹೋಗಿ ತೂರಾಡುತ್ತ ಬರಲಿ, ಅವಳ ಕುಣಾಲ ಸೆರೆ, ಸಾರಾಯಿ ಮುಟ್ಟಿದವನಲ್ಲ. ಆದರೂ ತಾಯಿ ಕರುಳು ಕೇಳಬೇಕಲ್ಲ, ಅವನು ಎಲ್ಲಿಂದ ಬಂದರೂ ಕರೆದು ಬಾಯಿ ಮೂಸುವಳು. ವಾಸನೆ ಇಲ್ಲವೆಂದರೆ ಮುಗಿಯಿತು, ಮಗ ಅಪ್ಪಟ ಬಂಗಾರ.

ಅಂದು ಮಧ್ಯಾಹ್ನ ಗೆಳೆಯ ಸುಜಯ ಅವನನ್ನು ಹಳದಿ ಶಾಸ್ತ್ರದ ಮನೆಯಿಂದ ಬೈಕಿನಲ್ಲಿ ಕರೆತಂದು ಪಡಸಾಲೆಯಲ್ಲಿ ಮಲಗಿಸಿದ. ಆಗಲೂ ವಾಸನೆ ಇರಲಿಲ್ಲ. ಆದರೆ ಮೈ ಕೆಂಡದಂತೆ ಸುಡುತ್ತಿತ್ತು. ಹಲ್ಲು ಕಟಕಟ ಕಡಿಯುತ್ತಿದ್ದ ಕುಣಾಲನಿಗೆ ತಾಯಿಯ ಗುರುತೂ ಸಿಗಲಿಲ್ಲ. ರಾಜಮತಿ ಚೀರಿಕೊಂಡಳು.

"ಬಿಸಿಲ ಬಡದೈತಿ," ಎಂದು ಮಜ್ಜಿಗೆ ಕುಡಿಸಲು ಹೋದಳು.

ಕೂಗು ಕೇಳಿ ಬಂದ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಕಾಂಚನ ಅವಳ ಕೈ ಹಿಡಿದಳು. "ಬ್ಯಾಡ್ರಿ ಅಕ್ಕಾ. ಎಚ್ಚರ ಇಲ್ದವರ ಬಾಯಾಗ ಏನೂ ಹಾಕಬಾರ್ದು, ಉಸಿರ ಕಟ್ಟತೈತಿ. ಏನ್ ತಗೊಂಡಾನ ಇಂವ?"

"ನನ್ನ ಮಗ ಕುಡ್ಯಾಂವಲ್ಲ. ಹೊತ್ತ ಮುಳುಗಿದ ಮ್ಯಾಲ ಊಟಾನೂ ಮಾಡದ ಜೈನರ ಮನಿ ನಮ್ಮದು."

"ಕುಡದಾನ ಅನ್ನಲಿಲ್ರಿ. ವಾಸನಿ ಬರಲಾರದ ನಶಾನೂ ಭಾಳ ಅದಾವ." ಕಾಂಚನ 108ಕ್ಕೆ ಫೋನು ಹಚ್ಚಿದಳು. ಕುಣಾಲನನ್ನು ಮಗ್ಗುಲಿಗೆ ಹೊರಳಿಸಿ ಒದ್ದೆ ಬಟ್ಟೆ ಹಾಕಿದಳು. "ಸುಜಯ, ಖರೇ ಹೇಳಪಾ."

ಸುಜಯ ಕಿಸೆಯಿಂದ ಚಿಕ್ಕ ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಗುಲಾಬಿ ಬಣ್ಣದ ಪುಡಿ. "ಸೆರಿ ಅಲ್ಲ, ಏನೂ ಆಗೂದಿಲ್ಲ ಅಂದ್ರು. ಇಬ್ಬರೂ ಇದರಾಗಿಂದ ತಗೊಂಡ್ವಿ. ನನಗ ಬರೇ ನಿದ್ದಿ ಬಂದಂಗಾತು. ಇಂವಗ ಹಿಂಗಾತು."

"ಏನೈತಿ ಅದರಾಗ?" ದ್ರಾಕ್ಷಿ ತೋಟದಿಂದ ಓಡಿ ಬಂದ ತಂದೆ ಪಾರಿಸ ಕೇಳಿದ.

"ಮಾರಿದಾಂವಗೂ ಗೊತ್ತಿಲ್ರಿ ಅಣ್ಣಾ," ಎಂದಳು ಕಾಂಚನ. "ಹತ್ತ ನಮೂನಿ ಕಲಸಿ ಬಣ್ಣಾ ಹಾಕ್ತಾರ. ಒಂದರಾಗ ಇದ್ದದ್ದು ಇನ್ನೊಂದರಾಗ ಇರೂದಿಲ್ಲ. ಎದಿನೂ ನಿಲ್ಲಬಹುದು, ಉಸಿರೂ ನಿಲ್ಲಬಹುದು."

ಪಾರಿಸ ಕಂಬಕ್ಕೆ ಒರಗಿದ. "ಚೀಟಿ ಇಲ್ಲದ ಬಾಟ್ಲಿ ಔಷಧ ನಾ ಬಳ್ಳಿಗೂ ಹೊಡ್ಯೂದಿಲ್ಲ. ಇಂವ ಮೈಯಾಗ ಹಾಕ್ಕೊಂಡಾನಲ್ಲೋ."

ಆಂಬುಲೆನ್ಸ್ ಬಂದಾಗ ಅವನೇ ಹೆಂಡತಿಯ ಕಿವಿಯಲ್ಲಿ ಹೇಳಿದ: "ದವಾಖಾನ್ಯಾಗ ಉಷ್ಣ ಆಗೇತಿ ಅನ್ನು. ನಾಳಿ ಬಸದಿಗೆ ಯಾವ ಮಾರಿ ಹೊತ್ಕೊಂಡ ಹೋಗೂದು?"

ದಾರಿಯುದ್ದಕ್ಕೂ ರಾಜಮತಿ ಮಗನ ತುಟಿ ನೋಡುತ್ತಿದ್ದಳು. ಅವು ನೀಲಿಗಟ್ಟುತ್ತಿದ್ದವು. ಸುಜಯನಿಂದ ಇಸಿದುಕೊಂಡ ಪುಡಿಯ ಚೀಲ ಅವಳ ಮುಷ್ಟಿಯಲ್ಲಿತ್ತು. ಡಾಕ್ಟರು ಎದುರಾದ ಕೂಡಲೇ ಗಂಡನ ಕಡೆ ನೋಡದೆ ಅದನ್ನು ಮುಂದೆ ಹಿಡಿದಳು. "ಸಾಹೇಬ್ರ, ನನ್ನ ಮಗ ಇದನ್ನ ತಗೊಂಡಾನ್ರಿ."

ಮೂರನೇ ದಿನ ಕುಣಾಲ ಕಣ್ಣು ಬಿಟ್ಟ. ಜೀವ ಉಳಿಯಿತು, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಇವತ್ತಿಗೂ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಬೇಕು. ಬಸ್ಸಿನಲ್ಲಿ ಅವನ ಪಕ್ಕ ಕೂತು ಹೋಗುವವನು ಪಾರಿಸನೇ. ಏನಾಗಿತ್ತೆಂದು ಯಾರು ಕೇಳಿದರೂ ಈಗ ಅವನು ಮುಚ್ಚಿಡುವುದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಗೆಳೆಯ ಕೊಟ್ಟನೆಂದು ಹೆಸರಿಲ್ಲದ ಪುಡಿ, ಗುಳಿಗೆ ಮುಟ್ಟಬೇಡಿ. ಯಾರಾದರೂ ತೆಗೆದುಕೊಂಡು ಒದ್ದಾಡುತ್ತಿದ್ದರೆ ಒಂಟಿ ಬಿಡಬೇಡಿ, 108ಕ್ಕೆ ಕರೆ ಮಾಡಿ. ಚಟ ಬಿಡಲು ನೆರವು ಬೇಕಿದ್ದರೆ 14446 ಇದೆ. ಮತ್ತೆ, ಡಾಕ್ಟರ ಮುಂದೆ ನಿಜ ಹೇಳಿ. ನೀವು ನಾಚಿಕೊಂಡು ನಿಂತಷ್ಟು ಹೊತ್ತೂ ಒಳಗೆ ಮಲಗಿದವನ ಉಸಿರು ಕಡಿಮೆಯಾಗುತ್ತಿರುತ್ತದೆ.