ಬೇಕರಿಯ ನಿಪ್ಪಟ್ಟು

ಮೊಮ್ಮಗಳು ಸಂಘಮಿತ್ರಾಳಿಗೆ ಏಳು ತುಂಬುವ ದಿನ ಮನೆಯಲ್ಲಿ ಬಾಣಲೆ ಇಡಬೇಡ ಎಂದರೆ ಯಾವ ಅಜ್ಜಿ ತಾನೆ ಸುಮ್ಮನಿದ್ದಾಳು? ಈಶ್ವರಮ್ಮನಿಗೆ ಮಗನ ಮೇಲೆ ಮೈಯೆಲ್ಲ ಉರಿದುಹೋಯಿತು.

ಮಗ ಅಂಜನ್ ಕುಮಾರ್ ಹೈಸ್ಕೂಲು ಮೇಷ್ಟ್ರು. ಮಧುಗಿರಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ, ಬಡವನಹಳ್ಳಿ ಕಡೆಯ ಕಾಲೋನಿಯಿಂದ ಅವ್ವನನ್ನೂ ಕರೆತಂದು ಒಂದು ವರ್ಷವಾಗಿತ್ತು. ಇವರು ಯಾವ ಜನ ಎಂದು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು. ಕಂಡಾಗ ನಗುತ್ತಿದ್ದರು, ಕರೆದರೆ ಬಂದು ಕೂರುತ್ತಿದ್ದರು, ಒಂದು ಲೋಟ ನೀರು ಮಾತ್ರ ಮುಟ್ಟುತ್ತಿರಲಿಲ್ಲ. ಮರ್ಯಾದಸ್ಥರು ನೋಡಿ, ಬೇಡ ಎನ್ನುವುದನ್ನೂ ಕೈಮುಗಿದೇ ಹೇಳುತ್ತಿದ್ದರು.

ಅದಕ್ಕೆ ಅಂಜನ್ ಉಪಾಯ ಹುಡುಕಿದ್ದ. ಬೇಕರಿ ಕೇಕು, ಮಿಕ್ಸ್ಚರ್ ಪಾಕೀಟು, ಜ್ಯೂಸ್ ಡಬ್ಬಿ, ಅಷ್ಟೇ.

"ಅಂಗ್ಡಿ ಪಾಕೀಟಾದ್ರೆ ತಿಂತಾರೆ ಕಣವ್ವಾ. ನಮ್ಮನೇಲಿ ಕರಿದಿದ್ದು ಅಂದ್ರೆ ಒಬ್ಬೊಬ್ರಿಗೂ ಒಂದೊಂದು ಕಾಯಿಲೆ ನೆಪ್ಪಾಯ್ತದೆ. ಬುಟ್ಬುಡು."

"ಒಂದ್ ವರ್ಸ ಆತು ಕಣ್ಲಾ ಈ ಬೀದಿಗೆ ಬಂದು. ನನ್ ಕೈಯಿಂದ ಒಬ್ರಾದ್ರೂ ತಿನ್ಲಿ ಅಂತ ಆಸೆ."

ಶುಕ್ರವಾರ ಅವನು ಶಾಲೆಗೆ ಹೋದ ಮೇಲೆ ಈಶ್ವರಮ್ಮ ಕಡಲೆಬೀಜ ಹುರಿದು ಕುಟ್ಟಿದಳು, ಅಕ್ಕಿಹಿಟ್ಟಿಗೆ ಕಾದ ಎಣ್ಣೆ ಹುಯ್ದು ಕಲೆಸಿದಳು. ಸ್ಕೂಲಿನಿಂದ ಬಂದ ಸಂಘಮಿತ್ರಾ ಪಕ್ಕದಲ್ಲಿ ಕೂತು ತಟ್ಟಿದಳು. ಸಂಜೆ ಬಂದ ಅಂಜನ್ ಡಬ್ಬಿಯನ್ನು ನೋಡಿ, "ಒಳಗೇ ಇರ್ಲಿ" ಎಂದಷ್ಟೇ ಹೇಳಿದ.

ಶನಿವಾರ ಸಂಜೆ ಹುಟ್ಟುಹಬ್ಬಕ್ಕೆ ಬೀದಿಯವರು ಬಂದರು. ಎದುರು ಮನೆಯ ವೇದಾವತಿ ಮಗಳು ರಕ್ಷಾಳನ್ನು ಕರೆದುಕೊಂಡು ಬಂದಳು. ಪಕ್ಕದ ಮನೆಯ ಲಕ್ಷ್ಮೀದೇವಿ ಎರಡು ತುಂಡು ಕೇಕು ಮುಗಿಸಿದಳು. ಎಲ್ಲರ ಮಡಿಲಿಗೂ ಪಾಕೀಟು ಬಿತ್ತು. ಅಷ್ಟರಲ್ಲಿ ಯಾರಿಗೂ ಹೇಳದೆ ಸಂಘಮಿತ್ರಾ ಅಡುಗೆಮನೆಯಿಂದ ನಿಪ್ಪಟ್ಟಿನ ತಟ್ಟೆ ಹೊತ್ತು ತಂದಳು.

"ಶನಿವಾರ ನಂಗೆ ಒಪ್ಪೊತ್ತು ಪುಟ್ಟಾ," ಎಂದಳು ಲಕ್ಷ್ಮೀದೇವಿ, ತುಟಿಯ ಮೇಲಿನ ಕ್ರೀಮು ಒರೆಸಿಕೊಳ್ಳುತ್ತ. ಇನ್ನೊಬ್ಬರಿಗೆ ಎಣ್ಣೆ ಆಗುತ್ತಿರಲಿಲ್ಲ. ರಕ್ಷಾ ಕೈ ಚಾಚಿದಳು. ವೇದಾವತಿ ನಗುತ್ತಲೇ ಆ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, "ಅವಳಿಗೆ ಕೆಮ್ಮು" ಎಂದಳು.

ಈಶ್ವರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿತ್ತು. ಅದಕ್ಕೇನು ಗೊತ್ತು.

ಅಂಜನ್ ಎದ್ದುಬಂದು ಜೋರಾಗಿ ನಕ್ಕ. "ತಗೊಳ್ಳಿ ಮೇಡಂ, ಇದೂ ಬೇಕರೀದೇ. ಬೆಳಿಗ್ಗೆ ತಂದೆ."

ಒಪ್ಪೊತ್ತು ಮುರಿಯಿತು, ಕೆಮ್ಮು ವಾಸಿಯಾಯಿತು. ತಟ್ಟೆಗೆ ನಾಲ್ಕಾರು ಕೈ ಒಟ್ಟಿಗೇ ಬಂದವು.

"ಏನ್ ಗರಿಗರಿ ಆಗವೆ ಮೇಷ್ಟ್ರೇ. ಯಾವ ಬೇಕ್ರಿ? ನಾವು ಮಾಡಿದ್ರೆ ಇಂಗೆ ಬರೋದೇ ಇಲ್ಲ," ಎಂದಳು ಲಕ್ಷ್ಮೀದೇವಿ.

ಹಾಳು ಮನಸ್ಸು, ಈಶ್ವರಮ್ಮನದು, ಆಗಲೂ ಹಿಗ್ಗಿತು. ಹೆಸರು ಯಾರದಾದರೇನು, ತಿಂದರಲ್ಲ ಎಂದುಕೊಂಡಳು.

"ಬೇಕ್ರೀದಲ್ಲ ಆಂಟಿ," ಎಂದಳು ಸಂಘಮಿತ್ರಾ. "ನಮ್ಮಜ್ಜಿ ಮಾಡಿದ್ದು. ನಾನೂ ತಟ್ಟಿದೀನಿ."

ಅಗಿಯುವ ಸದ್ದು ನಿಂತುಹೋಯಿತು. ಲಕ್ಷ್ಮೀದೇವಿಯ ಕೆನ್ನೆ ಉಬ್ಬಿದಂತೆಯೇ ಉಳಿಯಿತು. ವೇದಾವತಿ ಮಗಳ ಗಲ್ಲದ ಕೆಳಗೆ ಅಂಗೈ ಒಡ್ಡಿ, "ಉಗಿ" ಎಂದಳು ಮೆಲ್ಲಗೆ.

ಅಂಜನ್ ಮಗಳ ಕೆನ್ನೆಗೆ ಬಾರಿಸಿದ. ತಲೆಯ ಮೇಲಿದ್ದ ಕಾಗದದ ಕಿರೀಟ ಕೆಳಗೆ ಬಿತ್ತು. "ಸುಳ್ಳು ಹೇಳೋದು ಎಲ್ಲಿ ಕಲ್ತೆ?"

"ಸುಳ್ಳಲ್ಲಪ್ಪಾ. ಅಜ್ಜೀ, ನೀನೇ ಹೇಳು."

ಎಲ್ಲರೂ ಬಾಗಿಲಿನ ಕಡೆ ತಿರುಗಿದರು. ಮಗನೂ ತಿರುಗಿದ. ಹತ್ತು ವರ್ಷದವನಿದ್ದಾಗ ಊರ ಹೋಟೆಲಿನಲ್ಲಿ ಹೊರಗೆ ನಿಲ್ಲಿಸಿ ಟೀ ಕೊಟ್ಟ ದಿನ ಅವನ ಮುಖ ಹೀಗೇ ಆಗಿತ್ತು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ಈಶ್ವರಮ್ಮನಿಗಿರಲಿಲ್ಲ.

"ಬೇಕ್ರೀದೇ ಕಣ್ರವ್ವಾ," ಎಂದಳು. "ಮಗು ಏನೋ ಅಂತದೆ. ನಂಗೆಲ್ಲಿ ಬಂದಾತು ಇಂತವು."

ವೇದಾವತಿ ಅಂಗೈ ಹಿಂದಕ್ಕೆ ತೆಗೆದುಕೊಂಡು ಮಗಳಿಗೆ, "ನುಂಗು" ಎಂದಳು. ಲಕ್ಷ್ಮೀದೇವಿಯ ಕೆನ್ನೆ ಮತ್ತೆ ಅಲ್ಲಾಡಿತು.

"ಇನ್ನೊಂದೊಂದು ಕೊಡು ಎಲ್ರಿಗೂ," ಎಂದು ಅಂಜನ್ ಮಗಳ ಕೈಗೆ ತಟ್ಟೆ ತುರುಕಿದ. "ಬೇಕ್ರೀದು ಅಂತ ಹೇಳಿ ಕೊಡು."

ಸಂಘಮಿತ್ರಾ ಬಿಕ್ಕುತ್ತಾ ಹೊರಟಳು. "ಬೇಕ್ರೀದು ಆಂಟಿ. ಬೇಕ್ರೀದು ಅಂಕಲ್." ಒಬ್ಬರೂ ಬೇಡ ಎನ್ನಲಿಲ್ಲ. ಎಲ್ಲರನ್ನೂ ಮುಗಿಸಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಮಾತು ಬಂದಂದಿನಿಂದ ಅಜ್ಜಿಯನ್ನು ನೀನು, ಬಾ, ಹೋಗು ಎನ್ನುತ್ತಿದ್ದ ಮಗು ಅವಳ ಮುಖ ನೋಡದೆ ತಟ್ಟೆ ಚಾಚಿತು.

"ಬೇಕ್ರೀದು. ತಗೊಳ್ಳಿ."

ಈಶ್ವರಮ್ಮ ಒಂದು ತೆಗೆದುಕೊಂಡಳು.