ಒರೆಸದ ಬೆರಳು

ಹದಿನೆಂಟು ವರ್ಷ ಈ ಐಸಿಯುನಲ್ಲಿ ರೋಗಿಗಳ ಬೆರಳು ಚುಚ್ಚಿ ಸಕ್ಕರೆ ನೋಡಿದವಳು ನಾನು. ದೊಡ್ಡ ಡಾಕ್ಟರ್ ಒಂದು ದಿನವೂ ನನ್ನ ಬೆನ್ನು ತಟ್ಟಲಿಲ್ಲ. ಬಂದು ಮೂರು ತಿಂಗಳಾದ ಹೊಸ ನರ್ಸನ್ನು ಮಾತ್ರ ಎಲ್ಲರೆದುರು ಹೊಗಳಿದರು. ಅವಳು ಮಾನಿಟರಿನಲ್ಲಿ ಎದೆಬಡಿತಗಳ ನಡುವಿನ ಅಂತರ ಗಮನಿಸುತ್ತಾಳೆ. ಅದು ಚೂರು ಹೆಚ್ಚುಕಡಿಮೆ ಆಗುತ್ತಿದ್ದರೆ ಒಳ್ಳೆಯದಂತೆ. ಗಡಿಯಾರದ ಹಾಗೆ ಒಂದೇ ಸಮನಾದರೆ ಒಳಗೇನೋ ಕೆಟ್ಟಿದೆಯಂತೆ. ಅವಳಿಗೆ ಗ್ರಾಫ್ ರಾಣಿ ಎಂದು ಹೆಸರಿಟ್ಟೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಕ್ಕೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ಒಂಬತ್ತನೇ ಹಾಸಿಗೆಯಲ್ಲಿ ಒಬ್ಬ ಟೈಲರ್. ರಕ್ತಕ್ಕೆ ನಂಜೇರಿ ನಾಲ್ಕು ದಿನದಿಂದ ಎಚ್ಚರವಿಲ್ಲ, ಪಂಪಿನಲ್ಲಿ ಇನ್ಸುಲಿನ್ ಹೋಗುತ್ತಿತ್ತು. ಮಧ್ಯಾಹ್ನ ಅವನ ಹೆಂಡತಿ ನೋಡಿಕೊಂಡು ಹೊರಗೆ ಹೋದಳು. ಸಕ್ಕರೆ ನೋಡುವ ಹೊತ್ತು. ಗ್ರಾಫ್ ರಾಣಿ ಟ್ರೇ ಹಿಡಿದು ಬರುವುದು ಕಂಡಿತು. ನನ್ನ ಕೆಲಸಕ್ಕೂ ಕೈ ಹಾಕುತ್ತಾಳಲ್ಲ ಎಂದು ಓಡಿಹೋಗಿ ನಾನೇ ಬೆರಳು ಚುಚ್ಚಿದೆ. ಮುನ್ನೂರ ಹತ್ತು. ಪಂಪಿನ ವೇಗ ಏರಿಸಿದೆ.

ಅರ್ಧ ಗಂಟೆಗೆ ಅವಳು ಕರೆದಳು. "ಅಕ್ಕಾ, ಇವ್ರ ಬಡಿತ ಒಂದೇ ಸಮ ಆಗ್ಬಿಟ್ಟಿದೆ. ಬೆವರ್ತಾನೂ ಇದ್ದಾರೆ. ಸಕ್ಕರೆ ಇನ್ನೊಂದ್ಸಲ ನೋಡೋಣ್ವಾ?"

"ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳು, ನನಗೇ ಹೇಳ್ಕೊಡ್ತೀಯಾ?"

ಅವಳು ಟೈಲರನ ಕೈ ಎತ್ತಿ ಮೂಸಿದಳು.

"ಕಿತ್ತಳೆ ವಾಸನೆ ಬರ್ತಿದೆ, ಅಕ್ಕಾ."

ಬೆರಳು ಒರೆಸು, ಮೊದಲ ಹನಿ ಬಿಡು, ಎರಡನೆಯದನ್ನು ನೋಡು: ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ನಾನು ಕಲಿಸುವ ಮೊದಲ ಪಾಠ ಅದು. ಅವಳಿಗಿಂತ ಮುಂದೆ ಹೋಗುವ ಆತುರದಲ್ಲಿ ನಾನೇ ಒರೆಸಿರಲಿಲ್ಲ. ಇನ್ನೊಂದು ಕೈಯ ಬೆರಳು ಒರೆಸಿ ಚುಚ್ಚಿದೆ. ನಲವತ್ತಾರು. ಮೊದಲು ಮೀಟರ್ ತೋರಿಸಿದ್ದು ಬೆರಳಿಗೆ ಅಂಟಿದ್ದ ಹಣ್ಣಿನ ಸಕ್ಕರೆ. ಪಂಪ್ ನಿಲ್ಲಿಸಿ ಗ್ಲೂಕೋಸ್ ಕೊಟ್ಟೆವು. ನೂರು ದಾಟುವವರೆಗೆ ನಾನು ಆ ಹಾಸಿಗೆ ಬಿಟ್ಟು ಕದಲಲಿಲ್ಲ.

ಬಾಗಿಲ ಹೊರಗಿದ್ದ ಹೆಂಡತಿಯನ್ನು ಕೇಳಿದರೆ, "ಅವ್ರಿಗೆ ಕಿತ್ತಳೆ ಅಂದ್ರೆ ಪ್ರಾಣ. ವಾಸನೆಗಾದ್ರೂ ಕಣ್ಣು ಬಿಡ್ತಾರೇನೋ ಅಂತ ಒಂದು ತೊಳೆ ಹಿಂಡಿ ಬೆರಳಿಗೆ ಸವರಿದ್ದೆ" ಎಂದಳು. ಅವಳನ್ನು ಬೈಯಲು ನನಗೆ ಯಾವ ಮುಖವಿತ್ತು?

ಗ್ರಾಫ್ ರಾಣಿ ಹತ್ತಿರ ಬಂದು, "ನಾನು ಯಾರಿಗೂ ಹೇಳಲ್ಲ ಬಿಡಿ, ಅಕ್ಕಾ" ಎಂದು ಪಿಸುಗುಟ್ಟಿದಳು.

ಅದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಜಾಣತನ ಅವಳದ್ದು, ಹೊಗಳಿಕೆ ಅವಳದ್ದು, ಈಗ ದೊಡ್ಡ ಮನಸ್ಸೂ ಅವಳದ್ದೇ ಆಗಬೇಕೇ? ದೊಡ್ಡ ಡಾಕ್ಟರ್ ಬಂದ ಕೂಡಲೇ ಅವಳನ್ನು ದಾಟಿ ಮುಂದೆ ಹೋಗಿ, "ಬೆರಳು ಒರೆಸದೆ ಚುಚ್ಚಿದೆ ಸರ್, ತಪ್ಪು ನನ್ನದು" ಎಂದೆ.

ಅವರು ಚಾರ್ಟ್ ನೋಡಿದರು. "ಸರಿಯಾದ ಹೊತ್ತಿಗೆ ಹಿಡಿದದ್ದು ಯಾರು?"

ತಪ್ಪು ಒಪ್ಪಿಕೊಳ್ಳುವಾಗ ತೊದಲದ ನಾಲಿಗೆ ಈಗ ಏಳಲಿಲ್ಲ. ಹಾಸಿಗೆಯಲ್ಲಿ ಟೈಲರನ ಎದೆ ಏರಿಳಿಯುತ್ತಿತ್ತು.

"ಇವಳು ಸರ್," ಎಂದೆ. ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು.